ನನ್ನ ಸಹಿ ತೋಡಿದ ಗುಂಡಿಗಳು

ಫೋನು ಬಂದಾಗ ನಾನು ಒಂದು ಹಸುವಿನ ಹಿಂದೆ ನಿಂತು, ಅದು ಗಬ್ಬ ಆಗಿದೆಯೋ ಇಲ್ಲವೋ ಅಂತ ಮೊಳಕೈವರೆಗೆ ಕೈ ಹಾಕಿ ನೋಡುತ್ತಿದ್ದೆ. ಹಸುವಿನ ಯಜಮಾನನೇ ಸ್ಕೂಟರಿನ ಮೇಲಿದ್ದ ನನ್ನ ಬ್ಯಾಗಿನಿಂದ ಮೊಬೈಲು ತೆಗೆದು ನನ್ನ ಕಿವಿಗೆ ಹಿಡಿದ.

"ಡಾಕ್ಟ್ರಮ್ಮಾ, ಎಲ್ಲಿದ್ದೀಯಾ? ಬಿರ್ನೆ ಬಾ. ಕಾವಲ್‌ನಾಗೆ ಜೆಸಿಬಿ ಬುಟ್ಟವ್ರೆ. ಗುಂಡಿ ತೋಡ್ತಾವ್ರೆ ಕಣವ್ವಾ!"

ಕುರಿ ಅಜ್ಜಿಯ ದನಿ. ಮಳವಳ್ಳಿ ತಾಲ್ಲೂಕಿನ ನನ್ನ ಸರಹದ್ದಿನಲ್ಲಿ ಬಂಡೂರು ತಳಿಯ ಕುರಿಗಳನ್ನು ಕಲಬೆರಕೆ ಮಾಡದೆ ಸಾಕಿಕೊಂಡು ಬಂದವರು ಕೆಲವೇ ಮನೆಯವರು, ಅದರಲ್ಲಿ ಈ ಅಜ್ಜಿ ದೊಡ್ಡವಳು. ನಾನು ಡಾಕ್ಟರಲ್ಲ, ಪಶು ಪರೀಕ್ಷಕಿ. ಅದನ್ನು ನೂರು ಸಲ ಹೇಳಿದ್ದೇನೆ. "ಸೂಜಿ ಚುಚ್ಚೋರೆಲ್ಲ ಡಾಕ್ಟ್ರೇ" ಅಂತ ಅಜ್ಜಿ ತೀರ್ಮಾನ ಮಾಡಿದ್ದಾಳೆ, ಅದರ ಮೇಲೆ ಅಪೀಲಿಲ್ಲ.

ಹಸು ಗಬ್ಬವಾಗಿತ್ತು. ಅದನ್ನು ಹೇಳಿ, ಕೈ ತೊಳೆದು, ಮದ್ದೂರು ರಸ್ತೆ ಬಿಟ್ಟು ಮಣ್ಣಿನ ದಾರಿ ಹಿಡಿದು ಕಾವಲಿಗೆ ಹೋದೆ. ಕಾವಲು ಅಂದರೆ ಊರಾಚೆ ಜಾನುವಾರು ಮೇಯಲಿ ಅಂತ ಹಿಂದಿನಿಂದ ಬಿಟ್ಟುಕೊಂಡು ಬಂದ ಹುಲ್ಲಿನ ಬಯಲು. ನಮ್ಮದು ಅರವತ್ತು ಎಕರೆ ಚಿಲ್ಲರೆ. ಮರ ಅಂತ ಎಣಿಸಿದರೆ ಹತ್ತೂ ಆಗಲ್ಲ. ನಾಲೆ ನೀರು ಹತ್ತದ ದಿಬ್ಬ, ಹಾಗಾಗಿ ಯಾರೂ ಕಬ್ಬು ಹಾಕಲಿಲ್ಲ, ಹುಲ್ಲು ಉಳಿಯಿತು. ನಾನು ಹೋಗುವಷ್ಟರಲ್ಲಿ ಕೆಳಗಿನ ಹನ್ನೆರಡು ಎಕರೆಯಲ್ಲಿ ಸಾಲುಸಾಲಾಗಿ ಮಂಡಿಯಾಳದ ಗುಂಡಿ ಬಿದ್ದಿದ್ದವು. ಬುಡಸಮೇತ ಕಿತ್ತು ಬಂದ ಹುಲ್ಲು ಮಣ್ಣಿನ ಗುಡ್ಡೆಗಳ ಮೇಲೆ ತಲೆಕೆಳಗಾಗಿ ಬಿದ್ದಿತ್ತು. ಅಜ್ಜಿ ಜೆಸಿಬಿಯ ಮುಂದೆ ಕೋಲು ಅಡ್ಡ ಹಿಡಿದು ನಿಂತಿದ್ದಳು, ಹಿಂದೆ ಅವಳ ಕುರಿಗಳು. ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಿಕೊಂಡಿದ್ದ.

"ಯಾರು ಹೇಳಿದ್ದು ಇಲ್ಲಿ ಅಗೆಯೋಕೆ?" ಅಂದೆ, ಜೋರಾಗಿಯೇ.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಅಲ್ಲೇ ಇದ್ದರು. ಒಳ್ಳೆಯ ಮನುಷ್ಯ, ಜಗಳ ಅಂದರೆ ಆಗದು. ಫೈಲು ತೆಗೆದು ಒಂದು ಹಾಳೆ ನನ್ನ ಕೈಗೆ ಕೊಟ್ಟರು. "ಮೇಡಂ, ಬಂಜರು ಜಾಗದಲ್ಲಿ ಗಿಡ ನೆಡೋ ಯೋಜನೆ. ಬಂಜರು ಅಂತ ಆಧಾರ ಬೇಕಲ್ಲ. ಇದೇ ಆಧಾರ."

'ಸದರಿ ಕಾವಲು ಪ್ರದೇಶದಲ್ಲಿ ಜಾನುವಾರುಗಳಿಗೆ ಯೋಗ್ಯವಾದ ಯಾವುದೇ ಮೇವು ಲಭ್ಯವಿರುವುದಿಲ್ಲ.' ಕೆಳಗೆ ಮೊಹರು. ಮೊಹರಿನ ಮೇಲೆ ಸಹಿ. ಸಹಿ ನನ್ನದು.

ಅಯ್ಯೋ ಶಿವನೇ ಅನ್ನಿಸಿತು. ಅಜ್ಜಿ ಓದಲಾರಳು, ಆದರೆ ನನ್ನ ಮುಖ ಓದಿದಳು. "ಏನವ್ವಾ ಬರ್ದದೆ?" ಅಂದಳು. ನಾನು ಹಾಳೆಯನ್ನು ಅಧಿಕಾರಿಯ ಕೈಗೆ ವಾಪಸ್ ಕೊಟ್ಟೆ.

ಬರೆದದ್ದು ಯಾಕೆ ಅಂತ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಬೇಸಿಗೆಯಲ್ಲಿ, ಮೇವಿನ ಕೊರತೆ ಇರುವ ಊರುಗಳಿಗೆ ಮೇವಿನ ಬೀಜದ ಕಿಟ್ಟು ಕೊಡುತ್ತೇವೆ, ವರದಿ ಕಳಿಸಿ ಅಂತ ಇಲಾಖೆಯಿಂದ ಸುತ್ತೋಲೆ ಬಂತು. ಊರಿನ ಡೈರಿಗೆ ಹಾಲು ಹಾಕುವ ಹೆಂಗಸರ ಸಂಘ ನನ್ನ ಸ್ಕೂಟರಿಗೇ ಅಡ್ಡ ಹಾಕಿತು. ಸಂಘದ ಅಧ್ಯಕ್ಷೆ, ನಾಲ್ಕು ಹಸು ಕಟ್ಟಿ ಸಂಸಾರ ತೂಗಿಸುವ ಗಟ್ಟಿ ಹೆಂಗಸು, "ನಮ್ಮೂರ್ನೂ ಸೇರ್ಸು ಡಾಕ್ಟ್ರಮ್ಮಾ, ನಿಂಗೇನ್ ಗಂಟೋಯ್ತದೆ?" ಅಂದಳು. ಕಾವಲಿನಲ್ಲಿ ಹುಲ್ಲಿದೆ ಅಂತ ಬರೆದರೆ ಕೊರತೆ ಇಲ್ಲ ಅಂತಾಗುತ್ತದೆ, ಕಿಟ್ಟು ಬರುವುದಿಲ್ಲ. ಏಪ್ರಿಲ್ ತಿಂಗಳು. ಹುಲ್ಲು ಒಣಗಿ ಬೆಳ್ಳಗಾಗಿತ್ತು. ಸ್ಕೂಟರ್ ಇಳಿಯದೆ ರಸ್ತೆಯಿಂದಲೇ ನೋಡಿ 'ಲಭ್ಯವಿಲ್ಲ' ಅಂತ ಬರೆದೆ. ನಮ್ಮ ಕೆಲಸದಲ್ಲಿ ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ, 'ಊರಿಗೆ ಅನುಕೂಲ' ಅನ್ನುತ್ತಾರೆ. ಕಿಟ್ಟು ಬಂತು, ಪಂಪ್‌ಸೆಟ್ಟು ಇದ್ದವರು ಬಿತ್ತಿದರು, ನನಗೆ ಒಂದು ಲೋಟ ಗಟ್ಟಿ ಮಜ್ಜಿಗೆ ಸಿಕ್ಕಿತು, ನಾನು ಮರೆತೆ. ಕಾಗದ ಮರೆಯಲಿಲ್ಲ.

ಅಧಿಕಾರಿ ಮುಜುಗರದಿಂದಲೇ ಒಂದು ದಾರಿ ಕೊಟ್ಟರು. ಅಕ್ಟೋಬರಿನಲ್ಲಿ ಗ್ರಾಮಸಭೆ ಇದೆ, ಅಲ್ಲಿಯವರೆಗೆ ಜೆಸಿಬಿ ನಿಲ್ಲಿಸುತ್ತೇನೆ. ಸಭೆಯಲ್ಲಿ ಊರು ಬೇಡ ಅಂದರೆ ನೋಡೋಣ. ಆದರೆ ಇಲಾಖೆಯ ವರದಿಗೆ ಇಲಾಖೆಯ ವರದಿಯೇ ಉತ್ತರವಾಗಬೇಕು, ಬಾಯಿಮಾತು ನಡೆಯಲ್ಲ. ಆಗ ಆಗಸ್ಟ್ ಮೊದಲ ವಾರ. ಎರಡು ತಿಂಗಳೂ ಪೂರ್ತಿ ಇರಲಿಲ್ಲ.

ಮೊದಲು ಗಿಡ ನೆಡುವವರ ಹತ್ತಿರ ಹೋದೆ. ಮಂಡ್ಯದ ಒಂದು ಬಳಗ, ಅದರ ಮುಂದಾಳು ನಿವೃತ್ತ ಹೈಸ್ಕೂಲು ಮೇಷ್ಟ್ರು. ಸ್ವಂತ ಖರ್ಚಿನಲ್ಲಿ ಹೊಂಗೆ, ಬೇವು, ನೇರಳೆ ಸಸಿ ಬೆಳೆಸಿದ್ದರು. ನೀಲಗಿರಿ ತಂದಿದ್ದರೆ ಬಯ್ಯುವುದು ಸುಲಭವಿತ್ತು. ಇವರು ತಂದದ್ದೆಲ್ಲ ನಮ್ಮ ಮರವೇ.

"ನೋಡಿಮ್ಮ," ಅಂದರು ಮೇಷ್ಟ್ರು, "ಮೂವತ್ತು ವರ್ಷ ಮಕ್ಕಳಿಗೆ ಗಿಡ ನೆಡಿ ಅಂತ ಪಾಠ ಹೇಳಿದೀನಿ. ನೆಡಬೇಡಿ ಅಂತ ಹೇಳಿಕೊಂಡು ಬಂದ ಮೊದಲನೇ ಸರ್ಕಾರಿ ನೌಕರಳು ನೀವು."

"ನೆಡಬೇಡಿ ಅನ್ನಲಿಲ್ಲ ಸಾರ್. ಅಲ್ಲಿ ಬೇಡ ಅಂದೆ."

"ಅಲ್ಲಿ ಏನಿದೆ? ಬರೀ ಹುಲ್ಲು."

ಈ 'ಬರೀ' ಅನ್ನುವ ಮಾತು ನನ್ನ ಮೈಯನ್ನು ಉರಿಸಿಬಿಟ್ಟಿತು. ಬರೀ ಹುಲ್ಲಂತೆ! ನೀವು ಕುಡಿಯುವ ಕಾಫಿಯ ಹಾಲು ಯಾವುದರಿಂದ ಬಂತು, ಮಂಡ್ಯದ ಮಿಲಿಟರಿ ಹೋಟೆಲಿನಲ್ಲಿ ಕ್ಯೂ ನಿಂತು ತಿನ್ನುವ ಬಂಡೂರು ಮರಿಯ ಮಾಂಸ ಯಾವುದರಿಂದ ಬಂತು ಅಂತ ಕೇಳಿದೆ. ಮೇಷ್ಟ್ರು ತಾವು ಮಾಂಸ ತಿನ್ನುವುದಿಲ್ಲ ಅಂದರು. ಹಾಗೆ ಆ ದಿನದ ಮಾತುಕತೆ ಮುಗಿಯಿತು.

ಬಾಯಿ ಜಗಳದಿಂದ ಏನೂ ಆಗುವುದಿಲ್ಲ, ಅಳೆಯಬೇಕು ಅಂತ ಗೊತ್ತಾಯಿತು. ಮದ್ದೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುವ ಉಪನ್ಯಾಸಕಿ ನನಗೆ ಬಸ್ಸಿನ ಪರಿಚಯ. ಭಾನುವಾರ ಬಂದರು, ಕರೆಂಟು ವೈರು ಎಳೆಯುವ ಪ್ಲಾಸ್ಟಿಕ್ ಪೈಪಿನಲ್ಲಿ ಮೀಟರ್ ಉದ್ದ ಮೀಟರ್ ಅಗಲದ ಚೌಕ ಮಾಡಿಕೊಂಡು. ಕಣ್ಣು ಮುಚ್ಚಿ ಚೌಕ ಎಸೆಯುವುದು, ಬಿದ್ದಲ್ಲಿ ಎಷ್ಟು ಬಗೆ ಹುಲ್ಲಿದೆ ಎಣಿಸುವುದು, ಗೂಟ ಹೊಡೆದು ಗುರುತು ಮಾಡುವುದು, ಮೂರು ವಾರ ಯಾರೂ ಮುಟ್ಟದೆ ಬಿಟ್ಟು ಕುಯ್ದು ತೂಗುವುದು. ಕಣ್ಣು ಮುಚ್ಚಿ ಯಾಕೆ ಅಂತ ಅಜ್ಜಿ ಕೇಳಿದಳು. ಒಳ್ಳೆಯ ಜಾಗವನ್ನೇ ಆರಿಸಿಕೊಂಡಿರಿ ಅಂತ ಯಾರೂ ಆಡಬಾರದಲ್ಲ, ಅದಕ್ಕೆ ಅಂದರು ಉಪನ್ಯಾಸಕಿ. "ಓದಿದೋರೂ ಒಬ್ರನ್ನೊಬ್ರು ನಂಬಕ್ಕಿಲ್ಲ ಅನ್ನು" ಅಂದಳು ಅಜ್ಜಿ.

ಹೆಸರು ಹೇಳುವುದು ಅಜ್ಜಿಯ ಕೆಲಸ. ಗರಿಕೆ, ಕರಡ, ಹಂಚಿ, ನೊದೆ. ಹೆಸರಿಲ್ಲದವನ್ನು ಅವಳು ಕುರಿ ತಿನ್ನುವ ರೀತಿಯಿಂದ ಗುರುತಿಸುತ್ತಿದ್ದಳು: ಇದು ಮರಿ ಹಾಕಿದ ಕುರಿ ಹುಡುಕಿಕೊಂಡು ಹೋಗುವುದು, ಇದು ಎಳೆಯದರಲ್ಲಿ ಮಾತ್ರ ತಿನ್ನುವುದು, ಇದನ್ನು ತಿಂದರೆ ಉಚ್ಚಿಕೊಳ್ಳುತ್ತವೆ. ಉಪನ್ಯಾಸಕಿ ಪುಸ್ತಕದ ಹೆಸರನ್ನು ಎದುರಿಗೆ ಬರೆದುಕೊಂಡರು. ಒಂದು ಚೌಕದೊಳಗೆ ಗೌಜಲಕ್ಕಿಯ ಗೂಡು ಸಿಕ್ಕಿತು, ಐದು ಮೊಟ್ಟೆ. ಅದನ್ನು ಬಿಟ್ಟು ಮುಂದೆ ಎಸೆದೆವು. ಸಂಜೆಯೊಳಗೆ ಮೂವತ್ತು ಗೂಟ, ಪ್ರತಿ ಗೂಟಕ್ಕೆ ಒಂದು ಕೆಂಪು ಬಟ್ಟೆ.

ಹದಿನೆಂಟನೇ ದಿನ ನಾನೂ ಉಪನ್ಯಾಸಕಿಯೂ ಹೋಗಿ ನೋಡಿದರೆ ಮೂವತ್ತು ಚೌಕವೂ ಬೋಳು. ಒಂದೂ ಬಿಟ್ಟಿಲ್ಲ. ಕೆಂಪು ಬಟ್ಟೆ ಮಾತ್ರ ಗಾಳಿಗೆ ಆಡುತ್ತಿತ್ತು.

ನಾನು ಕುರಿಯವರೇ ಮೇಯಿಸಿದ್ದಾರೆ ಅಂದುಕೊಂಡು ಅಜ್ಜಿಯ ಮೇಲೆ ಕೂಗಾಡಿದೆ. ಅಜ್ಜಿ ಬಗ್ಗಿ ನೋಡಿ, "ಕುರಿ ತಿಂದ್ರೆ ಇಂಗಿರಾಕಿಲ್ಲ, ಇದು ಕುಡ್ಲು ಆಡಿರೋದು" ಅಂದಳು. ನಿಜ. ಕುಡುಗೋಲಿನ ಸಮನಾದ ಗುರುತು. ಡೈರಿ ಸಂಘದ ಹೆಂಗಸರನ್ನು ಕೇಳಿದರೆ ಒಪ್ಪಿಕೊಳ್ಳುವುದಕ್ಕೆ ಅವರಿಗೇನೂ ಸಂಕೋಚವಿರಲಿಲ್ಲ.

"ಕೆಂಪು ಬಟ್ಟೆ ಕಟ್ಟಿದ್ರಲ್ಲಾ," ಅಂದಳು ಸಂಘದ ಅಧ್ಯಕ್ಷೆ, "ಒಳ್ಳೆ ಉಲ್ಲು ಇರೋ ಜಾಗ ಇದು, ಇಲ್ಲೇ ಕುಯ್ಕೊಳಿ ಅಂತ ಗುರ್ತು ಮಾಡವ್ರೆ ಅನ್ಕಂಡೊ. ಡಾಕ್ಟ್ರಮ್ಮ ಮಾಡಿದ್ ಮೇಲೆ ನಮ್ ಒಳ್ಳೇದಕ್ಕೇ ಮಾಡಿರ್ತಾಳೆ ಅಂತ."

ನಗಬೇಕೋ ಅಳಬೇಕೋ. ಅಷ್ಟರಲ್ಲಿ ಅಜ್ಜಿಗೂ ಅಧ್ಯಕ್ಷೆಗೂ ಹತ್ತಿಕೊಂಡಿತು. ಹೆಂಗಸರು ಹುಲ್ಲು ಎತ್ತರವಾಗಲಿ ಅಂತ ಕಾಯುವವರು, ಕುರಿಯವರು ಎಳೆಯದರಲ್ಲೇ ಮೇಯಿಸುವವರು. ಎಷ್ಟೋ ವರ್ಷದ ಹಳೇ ಸಿಟ್ಟು.

"ನಿನ್ ಕುರಿ ಬುಡ ಸಮೇತ ಕಿತ್ಕೊಂಡ್ ತಿಂತವೆ, ನಮ್ಗೇನ್ ಉಳೀತದೆ?"

"ನೀನ್ ಕುಯ್ದು ಒರೆ ಕಟ್ಕಂಡ್ ಓಯ್ತೀಯಲ್ಲ, ಒಂದ್ ಇಕ್ಕೆ ಗೊಬ್ಬರ ಬುಟ್ಟಿದ್ದೀಯಾ ಇಲ್ಲಿ? ನನ್ ಕುರಿ ತಿಂದದ್ಕೆ ಇಕ್ಕೆ ಆಕ್ತವೆ ಕಣಮ್ಮಿ!"

ನಾನು ಮಧ್ಯೆ ಕೂತು ತಲೆ ಹಿಡಿದುಕೊಂಡಿದ್ದೆ. ಆಗ ಉಪನ್ಯಾಸಕಿ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು: "ದಿನಕ್ಕೆ ಎಷ್ಟು ಹೊರೆ ಕುಯ್ಯುತ್ತೀರಿ?" ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಹೊರೆ ಕಾವಲಿನಿಂದ ಊರಿಗೆ ಹೋಗುತ್ತಿತ್ತು. ಇದಕ್ಕಿಂತ ದೊಡ್ಡ ಅಳತೆ ಯಾವುದು? ಮೂವತ್ತು ಚೌಕ ಹಾಳಾದರೆ ಹಾಳಾಗಲಿ, ಇಡೀ ಊರಿನ ತಲೆಹೊರೆಯನ್ನೇ ತೂಗೋಣ ಅಂದೆ.

ತೂಗುವುದು ಡೈರಿಯ ಮುಂದೆ, ನೇತುಹಾಕುವ ತಕ್ಕಡಿಯಲ್ಲಿ. ಸಂಘದ ಹೆಂಗಸರಲ್ಲೇ ಒಬ್ಬಳು ಬರೆಯುವವಳು: ಯಾರ ಹೊರೆ, ಕಾವಲಿನ ಯಾವ ಕಡೆಯದು, ಎಷ್ಟು ಕಿಲೋ. ಮೊದಲ ವಾರ ಮಳೆ ಹಿಡಿದು ಒದ್ದೆ ಹುಲ್ಲು ತೂಗಿದೆವು, ಆ ಲೆಕ್ಕ ಪೂರಾ ತಪ್ಪು, ಎಸೆದೆವು. ಎರಡನೇ ವಾರದಿಂದ ಪ್ರತಿ ಹೊರೆಯಿಂದ ಒಂದು ಹಿಡಿ ತೆಗೆದು ನೆರಳಿನಲ್ಲಿ ಒಣಗಿಸಿ ಮತ್ತೆ ತೂಗುವುದು ರೂಢಿಯಾಯಿತು. ಅಜ್ಜಿ ದಿನ ಬಂದು ಕೂತು ನೋಡುತ್ತಿದ್ದಳು, ಹೆಂಗಸರು ಹೆಚ್ಚು ಬರೆಸಿಕೊಳ್ಳುತ್ತಾರೇನೋ ಅಂತ. ಹಾಗೆ ಕಾವಲು ಕಾಯುತ್ತ ಕೂತವಳೇ ಒಂದು ದಿನ ಬಾಯಿಬಿಟ್ಟಳು.

"ಮೇಯದೇ ಇದ್ರೆ ಉಲ್ಲು ಮುದಿಯಾಯ್ತದೆ. ಮೇಯ್ಸ್ತಾನೇ ಇದ್ರೆ ಸಾಯ್ತದೆ. ನಮ್ಮತ್ತೆ ಕಾಲ್ದಾಗೆ ಮೂರ್ ಪಾಲು ಮಾಡ್ತಿದ್ರು. ಒಂದ್ ಪಾಲು ಕುರಿಗೆ, ಒಂದ್ ಪಾಲು ಕುಡ್ಲಿಗೆ, ಒಂದ್ ಪಾಲು ಸುಮ್ನೆ ಬುಡೋದು. ಆಮೇಲ್ ಪಾಲು ಬದ್ಲಾಯ್ಸೋದು."

"ಯಾಕಜ್ಜಿ ಬಿಟ್ಟುಬಿಟ್ರಿ?" ಅಂದೆ.

"ಇವ್ರತ್ತೆಗೂ ನಮ್ಮತ್ತೆಗೂ ಮಾತು ಬುಟ್ಟೋಯ್ತು ಕಣವ್ವ."

ಅಧ್ಯಕ್ಷೆ ಮುಖ ತಿರುಗಿಸಿದಳು. ಆದರೆ ಮರುದಿನ ಅವಳೇ ಬಂದು, ಯಾವ ಪಾಲು ನಮಗೆ ಅಂತ ಕೇಳಿದಳು. ಬಂಡೆ, ಹಳ್ಳ, ಕಟ್ಟೆಯ ಗುರುತು ಹಿಡಿದು ಮೂರು ಪಾಲು ಮಾಡಿದೆವು. ಎರಡು ಸಲ ಕುರಿ ಗಡಿ ದಾಟಿದವು, ಒಂದು ಸಲ ಕುಡುಗೋಲು ದಾಟಿತು, ಮೂರು ಸಲವೂ ನನಗೇ ಫೋನು. ಪರಸ್ಪರ ಬೈದುಕೊಂಡರು, ಆದರೆ ಪಾಲು ಮುರಿಯಲಿಲ್ಲ.

ಮೇಷ್ಟ್ರನ್ನು ಕರೆದು ತೋರಿಸಬೇಕು ಅಂತ ನಾಲ್ಕು ಸಲ ಫೋನು ಮಾಡಿದ್ದೆ, ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ಮಧ್ಯಾಹ್ನ ಜಡಿಮಳೆ ಬಿದ್ದು ನಿಂತ ಮೇಲೆ ಅವರಾಗಿಯೇ ಬಂದರು, ಗುಂಡಿಗಳಲ್ಲಿ ನೀರು ನಿಂತಿದೆಯೋ ನೋಡುವುದಕ್ಕೆ. ಗುಂಡಿ ತೋಡಿದ ಹನ್ನೆರಡು ಎಕರೆಯಿಂದ ಕೆಂಪು ನೀರು ಹರಿದು ಕೆಳಗಿನ ಕಟ್ಟೆಗೆ ಬೀಳುತ್ತಿತ್ತು. ಅಜ್ಜಿಯ ಕುರಿ ನೀರು ಕುಡಿಯುವ ಕಟ್ಟೆ ಅದು. ಪಕ್ಕದ ಹುಲ್ಲಿನ ಕಡೆಯಿಂದ ಬರುತ್ತಿದ್ದ ನೀರು ಸಣ್ಣ ಧಾರೆ, ತಿಳಿ. ಮೇಷ್ಟ್ರು ಪಂಚೆ ಎತ್ತಿಕಟ್ಟಿ ಎರಡೂ ನೀರಿಗೆ ಕೈ ಹಾಕಿ ನೋಡಿದರು. ಅಂಗೈಯಲ್ಲಿ ಉಳಿದ ಕೆಸರನ್ನು ಹುಲ್ಲಿಗೆ ಒರೆಸಿದರು.

"ನಮ್ಮ ಹುಡುಗರು ಸಾವಿರ ಸಸಿ ಬೆಳೆಸಿದಾರೆ," ಅಂದರು, ಸಿಟ್ಟಿನಿಂದಲೇ. "ಅದನ್ನ ಎಲ್ಲಿ ಇಡಲಿ, ನನ್ನ ತಲೆ ಮೇಲಾ?"

"ಕಟ್ಟೆ ಏರಿ ಮೇಲೆ ಇಡಿ ಸಾರ್. ಸ್ಕೂಲಿನ ಸುತ್ತ ಇಡಿ. ಹೊಲದ ಬದುವಿನ ಮೇಲೆ ಇಡಿ. ಜಾಗ ನಾನು ಹುಡುಕಿಕೊಡ್ತೀನಿ."

"ಕುರಿ ತಿಂದುಬಿಡ್ತವೆ."

"ತಿನ್ನಾಕ್ಕಿಲ್ಲ," ಅಂದಳು ಹಿಂದಿನಿಂದ ಅಜ್ಜಿ. "ನನ್ ಕುರಿ ನಿಮ್ ಗಿಡುಕ್ ಬಾಯಾಕಿದ್ರೆ ನನ್ ಕೇಳಿ ಮೇಷ್ಟ್ರೇ. ನಿಮ್ ಗುದ್ಲಿ ನನ್ ಉಲ್ಲಿಗ್ ಬಿದ್ರೆ ನಿಮ್ಮುನ್ನ ಕೇಳ್ತೀನಿ. ಆಯ್ತಾ?"

ಮೇಷ್ಟ್ರು ಪಂಚೆ ಇಳಿಸಿಕೊಂಡು ಹೊರಟರು. ಮರುವಾರ ಎಂಟು ಜನರನ್ನು ಕರೆದುಕೊಂಡು ಬಂದು ಕಟ್ಟೆ ಏರಿಯನ್ನು ಅಳತೆ ಮಾಡಿದರು.

ಇನ್ನು ಉಳಿದದ್ದು ನನ್ನ ವರದಿ. ಅದೇ ಕಷ್ಟದ್ದು. ತಾಲ್ಲೂಕಿನ ನಮ್ಮ ಸಾಹೇಬರು ನನ್ನ ಕರಡನ್ನು ಓದಿ ಕನ್ನಡಕ ತೆಗೆದರು.

"ಯಾಕಮ್ಮ ಕಾಲ ಮೇಲೆ ಕಲ್ಲು ಎತ್ತಿ ಹಾಕ್ಕೋತೀಯಾ? ಮಳೆ ಚೆನ್ನಾಗಾಗಿದೆ, ಈಗ ಹುಲ್ಲು ಬೆಳೆದಿದೆ ಅಂತ ಬರಿ. ಆವತ್ತು ಇರಲಿಲ್ಲ, ಇವತ್ತು ಇದೆ. ನೀನೂ ಉಳೀತೀಯಾ, ನಿನ್ನ ಹುಲ್ಲೂ ಉಳಿಯುತ್ತೆ."

ಮಾತು ಸಿಹಿಯಾಗಿತ್ತು. ಎರಡು ದಿನ ಅದನ್ನೇ ಚಪ್ಪರಿಸಿದೆ. ಅಡುಗೆ ಮಾಡುವಾಗಲೂ ಅದೇ, ಸ್ಕೂಟರಿನ ಮೇಲೂ ಅದೇ. ಮೂರನೇ ದಿನ ಅದರೊಳಗಿನ ಮುಳ್ಳು ಸಿಕ್ಕಿತು. ಮಳೆಗೆ ಬೆಳೆದಿದೆ ಅಂತ ಬರೆದರೆ, ಬೇಸಿಗೆಯಲ್ಲಿ ಇರುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ನಾಳೆ ಯಾರಾದರೂ ಏಪ್ರಿಲ್‌ನಲ್ಲಿ ಬಂದು ರಸ್ತೆಯಿಂದ ನೋಡಿ ಮತ್ತೆ ಬಂಜರು ಅನ್ನುತ್ತಾರೆ, ಮತ್ತೆ ಜೆಸಿಬಿ ಬರುತ್ತದೆ. ಕಾವಲು ಉಳಿಯಬೇಕಾದರೆ ಆ ಏಪ್ರಿಲ್‌ನಲ್ಲೂ ಹುಲ್ಲು ಇತ್ತು ಅನ್ನಬೇಕು. ಹಾಗಂದರೆ ನಾನು ಬರೆದದ್ದು ಸುಳ್ಳು ಅನ್ನಬೇಕು. ಬೇರೆ ದಾರಿ ಇರಲಿಲ್ಲ. ಹೆದರಿಕೆ ಇತ್ತು, ಇಲ್ಲ ಅಂದರೆ ಅದೂ ಒಂದು ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು, ಬಹುಪಾಲು ನನ್ನ ಮೇಲೆಯೇ. 'ಹಿಂದಿನ ವರದಿಯನ್ನು ಸ್ಥಳ ಪರಿಶೀಲನೆ ಮಾಡದೆ ಬರೆದಿದ್ದೇನೆ. ಅದು ಸತ್ಯವಲ್ಲ' ಅಂತ ಬರೆದು ಸಹಿ ಹಾಕಿದೆ. ಸಾಹೇಬರು ರಿಜಿಸ್ಟರಿನಲ್ಲಿ ಸ್ವೀಕೃತಿ ಹಾಕುವಾಗ ನನ್ನ ಮುಖ ನೋಡಲಿಲ್ಲ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ರಸ್ತೆ, ಚರಂಡಿ, ಬೀದಿದೀಪ ಎಲ್ಲ ಮುಗಿದು ಕಾವಲಿನ ವಿಷಯ ಬಂತು. ನಾನು ಎದ್ದು ವರದಿ ಓದಿದೆ. ಪಂಚಾಯಿತಿ ಅಧ್ಯಕ್ಷರು ಮೈಕು ಎಳೆದುಕೊಂಡರು.

"ಅಂದ್ರೆ ಆವತ್ತು ಸುಳ್ಳು ಬರುದ್ರಾ ಮೇಡಂ?"

"ಬರೆದೆ."

"ಸರ್ಕಾರುಕ್ಕೇ?"

"ಸರ್ಕಾರಕ್ಕೇ."

ಶಾಮಿಯಾನದ ಕೆಳಗೆ ನಗು ಎದ್ದಿತು. ಹಿಂದಿನಿಂದ ಯಾರೋ ಕೂಗಿದರು: "ಆವತ್ ಸುಳ್ಳು ಬರ್ದೋರು ಇವತ್ ನಿಜ ಏಳ್ತಾವ್ರೆ ಅಂತ ಎಂಗ್ಲಾ ನಂಬೋದು?"

ಪ್ರಶ್ನೆ ಸರಿಯಾಗಿಯೇ ಇತ್ತು. "ನನ್ನ ನಂಬಬೇಡಿ" ಅಂದೆ. "ತೂಕದ ಪುಸ್ತಕ ನೋಡಿ. ಅದನ್ನ ನಾನು ಬರೆದಿಲ್ಲ, ನಿಮ್ಮ ಮನೆ ಹೆಂಗಸರು ಬರೆದದ್ದು."

ಆಗ ಡೈರಿ ಸಂಘದ ಅಧ್ಯಕ್ಷೆ ಎದ್ದಳು. ಬೆಳಗ್ಗೆಯೇ ನನ್ನ ಮೇಲೆ ಹಾರಾಡಿದ್ದಳು, ಕಿಟ್ಟಿನ ವಿಷಯ ಎತ್ತಿ ಊರಿನ ಮಾನ ತೆಗೆಯುತ್ತೀಯಾ ಅಂತ. ಈಗ ಏನು ಮಾಡುತ್ತಾಳೋ ಗೊತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈಕಿಲ್ಲದೆಯೇ ಮಾತಾಡಿದಳು.

"ಯಾರ್ಲಾ ಅದು ಇಂದ್ಗಡೆ ನಗ್ತಿರೋನು? ಆ ಕಿಟ್ಟು ಈಸ್ಕಂಡೋರು ಯಾರು, ಡಾಕ್ಟ್ರಮ್ಮನಾ? ನಾವು. ಇಲ್ಲ ಅಂತ ಬರಿ ಅಂತ ಅಡ್ಡಾಕಿ ಬರ್ಸಿದ್ದೂ ನಾವೇ. ಸುಳ್ಳು ಅಂದ್ರೆ ಎಲ್ರುದೂ ಸುಳ್ಳು. ಆ ಬ್ಯಾಸ್ಗೇಲೂ ನಮ್ ಅಸ ಅಲ್ಲೇ ಮೇಯ್ದವೆ. ನಿಮ್ ಮನೇಲಿ ಕಾಪಿ ಕುಡುದ್ರಲ್ಲ, ಆ ಆಲು ಅಲ್ಲಿಂದೇ ಬಂದುದ್ದು. ಬರ್ಕೊಳಿ, ನನ್ ಎಸ್ರೂ ಬರ್ಕೊಳಿ."

ಒಬ್ಬೊಬ್ಬಳಾಗಿ ಹೆಂಗಸರು ಎದ್ದು ನಿಂತರು. ಕುರಿಯವರು ಎದ್ದರು. ಆಮೇಲೆ ಮೇಷ್ಟ್ರು ಬಂದು ಮೈಕು ತೆಗೆದುಕೊಂಡು, ತಮ್ಮ ಬಳಗ ಕಾವಲಿನಲ್ಲಿ ಒಂದು ಸಸಿಯನ್ನೂ ನೆಡುವುದಿಲ್ಲ, ಗುಂಡಿಗಳನ್ನು ತಾವೇ ಮುಚ್ಚಿಕೊಡುತ್ತೇವೆ ಅಂತ ಹೇಳಿ ಕೂತರು. ಕೈ ಎತ್ತಿಸಿ ಎಣಿಸಿದರು. ಕಾವಲು ಕಾವಲಾಗಿಯೇ ಇರಲಿ, ನೋಡಿಕೊಳ್ಳುವುದಕ್ಕೆ ಕುರಿಯವರು, ಸಂಘದವರು, ಗಿಡದ ಬಳಗದವರು ಸೇರಿದ ಒಂದು ಸಮಿತಿ ಇರಲಿ ಅಂತ ನಡಾವಳಿ ಬರೆದರು.

ಗುಂಡಿ ತೋಡುವುದು ಒಂದೇ ದಿನದ ಕೆಲಸವಾಗಿತ್ತು, ಮುಚ್ಚುವುದಕ್ಕೆ ದೀಪಾವಳಿ ಕಳೆಯಿತು. ಮೇಷ್ಟ್ರ ಬಳಗದವರು ಗುದ್ದಲಿಯಲ್ಲಿ ಮಣ್ಣು ಎಳೆದರು. ಹೆಂಗಸರು ಬಲಿತ ಹುಲ್ಲು ಕುಯ್ಯುವಾಗ ತೆನೆಯನ್ನು ಗೋಣಿಚೀಲದ ಮೇಲೆ ಬಡಿದು ಬೀಜ ಉದುರಿಸಿ ತಂದು ಎರಚಿದರು. ಬರೀ ಎರಚಿದರೆ ಗಾಳಿಗೆ ಹೋಗುತ್ತದೆ, ಇರುವೆ ಹೊರುತ್ತದೆ. ಆದ್ದರಿಂದ ಅಜ್ಜಿ ತನ್ನ ಕುರಿಮಂದೆಯನ್ನು ಆ ಹನ್ನೆರಡು ಎಕರೆಯ ಮೇಲೆ ದಿನಕ್ಕೊಂದು ತುಂಡಿನಂತೆ ಕೂರಿಸಿದಳು. ಗೊರಸಿಗೆ ಬೀಜ ಮಣ್ಣಿಗೆ ಇಳಿಯಿತು, ಮೇಲೆ ಹಿಕ್ಕೆ ಬಿತ್ತು. ಹೊಲದಲ್ಲಿ ಮಂದೆ ಕೂರಿಸಿದರೆ ರೈತರು ಅವಳಿಗೆ ರಾಗಿ ಅಳೆಯುತ್ತಾರೆ, ಇಲ್ಲಿ ಅಳೆಯುವವರಿಲ್ಲ. ಅದನ್ನು ಯಾರೂ ಅವಳಿಗೆ ನೆನಪಿಸಲಿಲ್ಲ, ಅವಳೂ ಕೇಳಲಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡಿದ್ದಾಗ ಮೇಲಿನಿಂದ ಪತ್ರ ಬಂತು. ಒಂದೇ ಜಾಗಕ್ಕೆ ಒಬ್ಬಳೇ ನೌಕರಳ ಎರಡು ವರದಿ, ಒಂದಕ್ಕೊಂದು ವಿರುದ್ಧ. ಯಾವುದು ನಿಜ ಅಂತ ಹಿರಿಯ ಅಧಿಕಾರಿ ಸ್ಥಳಕ್ಕೆ ಬಂದು ತೀರ್ಮಾನಿಸುತ್ತಾರೆ, ಅಲ್ಲಿಯವರೆಗೆ ಗ್ರಾಮಸಭೆಯ ನಡಾವಳಿ ತಡೆಯಲ್ಲಿರುತ್ತದೆ. ಮೊದಲ ವರದಿ ನಿಜ ಅಂತಾದರೆ ಕಾವಲು ಮತ್ತೆ ಬಂಜರು. ಅವರು ಬಂದದ್ದು ಯಾವಾಗ? ಏಪ್ರಿಲ್‌ನಲ್ಲಿ, ಯುಗಾದಿ ಕಳೆದ ಮೇಲೆ, ಹನ್ನೊಂದು ಗಂಟೆಯ ಬಿಸಿಲಿಗೆ.

ಜೀಪು ಇಳಿದು ಟೋಪಿ ಸರಿಮಾಡಿಕೊಂಡು ಸುತ್ತ ನೋಡಿದರು. ಹುಲ್ಲೆಲ್ಲ ಬೆಳ್ಳಗೆ ಒಣಗಿತ್ತು. "ಇದನ್ನ ಮೇವು ಅಂತೀರೇನ್ರಿ? ಒಣಕಡ್ಡಿ ಇದು" ಅಂದರು. ನಾನು ಮಂಡಿಯೂರಿ ಒಂದು ಬುಡ ಬಿಡಿಸಿ ಒಳಗಿನ ಹಸಿರು ತೋರಿಸಿದೆ. ಬೆರಳುಗುರಿನಷ್ಟು ಇತ್ತು. ತೂಕದ ಪುಸ್ತಕ ಕೊಟ್ಟೆ, ತಿರುವಿ ಹಾಕಿ ವಾಪಸ್ ಕೊಟ್ಟರು. "ಇವೆಲ್ಲ ಮಳೆಗಾಲದ್ದು" ಅಂದರು. ಪಕ್ಕದಲ್ಲಿ ಮೇಷ್ಟ್ರು, ಉಪನ್ಯಾಸಕಿ, ಸಂಘದ ಹೆಂಗಸರು ಎಲ್ಲ ನಿಂತಿದ್ದರು.

"ಸಾಮಿ," ಅಂದಳು ಅಜ್ಜಿ, "ನಾವ್ ನಾವ್ ಯಾಕ್ ವಾದ ಮಾಡುವಾ? ತಿನ್ನೋರ್ನ ಕೇಳುವಾ." ಬಾಯಲ್ಲಿ ಸದ್ದು ಮಾಡಿ ಕಟ್ಟೆ ಪಕ್ಕದ ಮರದ ನೆರಳಿನಲ್ಲಿದ್ದ ಮಂದೆಯನ್ನು ಕರೆದಳು.

ಕುರಿಗಳು ಬಂದವು, ತಲೆ ತಗ್ಗಿಸಿದವು, ಮತ್ತೆ ಎತ್ತಲಿಲ್ಲ. ಒಣ ಹುಲ್ಲು ಮುರಿಯುವ ಸದ್ದು ಕೇಳುತ್ತಿತ್ತು. ಅಧಿಕಾರಿ ಸ್ವಲ್ಪ ಹೊತ್ತು ನೋಡಿ, "ಹಸಿದಿರಬೇಕು" ಅಂದರು.

"ಅಸ್ದಿದ್ರೆ ಬೆನ್ನು ಏಳ್ತದೆ. ಮುಟ್ಟಿ ನೋಡಿ," ಅಂದಳು ಅಜ್ಜಿ.

ಅವರು ಓದಿದ್ದು ಪಶುವೈದ್ಯಕೀಯ. ಎಷ್ಟೋ ವರ್ಷ ಕುರ್ಚಿಯಲ್ಲಿ ಕೂತಿದ್ದರೂ ಕೈ ಮರೆತಿರಲಿಲ್ಲ. ಒಂದು ಹೆಣ್ಣು ಕುರಿಯನ್ನು ಹಿಡಿದು, ಕೊನೆಯ ಪಕ್ಕೆಲುಬಿನ ಹಿಂದೆ ಸೊಂಟದ ಮೇಲೆ ಬೆರಳು ಒತ್ತಿದರು. ಮೂಳೆಯ ತುದಿ ಚುಚ್ಚಿದರೆ ಬಡಕಲು. ಚುಚ್ಚಲಿಲ್ಲ. ಇನ್ನೊಂದನ್ನು ಹಿಡಿದರು. ಮತ್ತೊಂದನ್ನು. ಏಳು ಕುರಿ ಮುಟ್ಟಿದರು. ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು ಚುಚ್ಚಿಕೊಂಡಿತ್ತು.

"ಇವಕ್ಕೆ ಬೇರೆ ಏನು ಹಾಕ್ತೀಯಮ್ಮ? ಹಿಂಡಿ? ಜೋಳ?"

"ಇದೇ ಸಾಮಿ. ಇಲ್ಲಿ ಬುಟ್ರೆ ಇನ್ನೆಲ್ಲೂ ಇಲ್ಲ. ಮೂರ್ ಪಾಲ್‌ನಾಗೆ ಸುಮ್ನೆ ಬುಟ್ಟಿದ್ ಪಾಲು ಇದು, ಬ್ಯಾಸ್ಗೆಗೇ ಅಂತ."

ಸಂಘದ ಅಧ್ಯಕ್ಷೆ ಮುಂದೆ ಬಂದಳು. "ಔದು ಸಾರ್. ನಾನೂ ಈ ಪಾಲ್ಗೆ ಕುಡ್ಲು ಆಕಿಲ್ಲ. ಕುರಿಗ್ ಬುಟ್ಟಿದ್ದೀನಿ" ಅಂದಳು. ಅಜ್ಜಿ ಅವಳ ಕಡೆ ನೋಡಿದಳು.

ಅಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ಫೈಲು ಇಟ್ಟು ನಿಂತೇ ಬರೆದರು. ಬರೆದದ್ದನ್ನು ನನಗೆ ಓದಲು ಕೊಟ್ಟರು: ಕಾವಲಿನಲ್ಲಿ ಬೇಸಿಗೆಯಲ್ಲೂ ಮೇವು ಲಭ್ಯವಿದೆ, ಎರಡನೇ ವರದಿ ಸರಿ, ಮೊದಲನೆಯದನ್ನು ರದ್ದುಪಡಿಸಿದೆ. ಓದಿ ಮುಗಿಸುವಾಗ ನನ್ನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಖುಷಿ ಪಡಬೇಡಿ," ಅಂದರು. "ಮೊದಲನೆಯದು ಸುಳ್ಳು ಅಂತಾಯ್ತಲ್ಲ. ನಿಮಗೆ ನೋಟೀಸು ತಪ್ಪಲ್ಲ."

"ನನಗೆ ಕೊಡಿ ಸಾರ್," ಅಂದೆ. "ಕಾವಲಿಗೆ ಕೊಡಬೇಡಿ."

ಹದಿನೈದು ದಿನಕ್ಕೆ ನೋಟೀಸು ಬಂತು. ಸುಳ್ಳು ವರದಿ ಯಾಕೆ ಬರೆದಿರಿ ಅಂತ ಕೇಳಿದ್ದರು. ಸ್ಕೂಟರಿನಿಂದ ಇಳಿಯಲಿಲ್ಲ, ಅದಕ್ಕೆ, ಅಂತ ಉತ್ತರ ಬರೆದೆ. ಕೆಳಗೆ ಸಹಿ ಹಾಕಿದೆ.